ಡಬ್ಬಿಯ ಮೇಲೆ 4ಕೆ, ಟಿವಿಯಲ್ಲಿ 480ಪಿ: ಸ್ಟ್ರೀಮಿಂಗ್ ಸ್ಟಿಕ್ ಕಂಪನಿಗೆ ಒಂದು ದೂರು ಪತ್ರ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಡಬ್ಬಿಯ ಮೇಲೆ ಹೇಳಿದ ಗುಣಮಟ್ಟದಲ್ಲಿ ಚಿತ್ರ ಬಾರದಿರುವುದು, ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗುವುದು ಮತ್ತು ಹಣ ವಾಪಸ್ ಮಾಡುವ ಬಗ್ಗೆ.

ಮಾನ್ಯರೇ,

ಟಿವಿಯ ಎಚ್‌ಡಿಎಂಐ ಪೋರ್ಟಿಗೆ ಚುಚ್ಚಿ ಇಂಟರ್ನೆಟ್‌ನ ಸಿನಿಮಾ, ಸೀರಿಯಲ್ ನೋಡುವ ನಿಮ್ಮ ಕಂಪನಿಯ 4ಕೆ ಸ್ಟ್ರೀಮಿಂಗ್ ಸ್ಟಿಕ್ ಬಗ್ಗೆ ಈ ದೂರು. ಬಿಲ್ ಪ್ರತಿ ಮತ್ತು ಫೋಟೋಗಳನ್ನು ಜೊತೆಗಿಟ್ಟಿದ್ದೇನೆ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ, ಚಾಟ್ ಮಾಡಿ, ಅವರು ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಈ ಪತ್ರಕ್ಕೂ 'ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ' ಅಂತ ಉತ್ತರ ಕಳಿಸಬೇಡಿ.

ವಿಷಯ ಇಷ್ಟು. ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ '4ಕೆ', ಅಂದರೆ ಅತಿ ಸ್ಪಷ್ಟ ಚಿತ್ರ, ಅಂತ ಬರೆದಿದ್ದೀರಿ. ನಮ್ಮ ಟಿವಿ 4ಕೆ. ನಾವು ಚಂದಾ ಕಟ್ಟುತ್ತಿರುವ ಸಿನಿಮಾ ಆ್ಯಪ್‌ನಲ್ಲಿ ತೆಗೆದುಕೊಂಡಿರುವುದೂ 4ಕೆ ಪ್ಲಾನ್. ಆದರೆ ನಿಮ್ಮ ಸ್ಟಿಕ್‌ನಲ್ಲಿ ಆ ಆ್ಯಪ್ ತೆರೆದರೆ ಬರುವುದು 480ಪಿ ಚಿತ್ರ. ಅಂದರೆ ಹಳೇ ಡಿವಿಡಿಯ ಮಟ್ಟ.

ಚಿತ್ರ ಹೇಗಿರುತ್ತದೆ ಅಂತ ಹೇಳುತ್ತೇನೆ, ನಿಮ್ಮ ಆಫೀಸಿನಲ್ಲಿ ಯಾರಾದರೂ ಒಂದು ಸಲ ದೊಡ್ಡ ಟಿವಿಗೆ ಹಾಕಿ ನೋಡಿ. ಹತ್ತಿರದಿಂದ ತೆಗೆದ ಮುಖ ಪರವಾಗಿಲ್ಲ. ಸ್ವಲ್ಪ ದೂರದ ಶಾಟ್ ಬಂತೋ, ಮುಖದಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಗೊತ್ತಾಗುವುದಿಲ್ಲ. ಹುಲ್ಲಿನ ಮೈದಾನ ಇದ್ದರೆ ಒಂದೇ ಹಸಿರು ಬಣ್ಣ ಬಳಿದಂತೆ ಕಾಣುತ್ತದೆ. ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಜಾಗವೆಲ್ಲ ಚೌಕ ಚೌಕವಾಗಿ ಒಡೆದುಕೊಳ್ಳುತ್ತದೆ. ನಮ್ಮ ಅಮ್ಮ ಸೀರಿಯಲ್ ನೋಡುತ್ತಾ ನಡುನಡುವೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಕನ್ನಡಕದಲ್ಲೇನೂ ಇಲ್ಲಮ್ಮ, ಚಿತ್ರವೇ ಹಾಗೆ ಬರುತ್ತಿದೆ ಅಂದರೂ ಮತ್ತೆ ಒರೆಸುತ್ತಾರೆ. ನನಗೆ ಜಾಸ್ತಿ ಬೇಸರವಾಗಿದ್ದು ಇದಕ್ಕೇ.

ನಿಮ್ಮ ಸಹಾಯವಾಣಿಯವರು ಮೊದಲು ತಪ್ಪನ್ನು ಇಂಟರ್ನೆಟ್ ಮೇಲೆ ಹಾಕಿದರು. ನೆಟ್‌ಫ್ಲಿಕ್ಸ್‌ನಂಥ ಸೇವೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ), 4ಕೆಗೆ 15 ಎಂಬಿಪಿಎಸ್ ಇದ್ದರೆ ಸಾಕು ಅನ್ನುತ್ತದೆ. ನಿಮ್ಮ ಸ್ಟಿಕ್ ಮೇಲೆಯೇ ವೇಗ ಅಳೆದಾಗ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತಿದೆ. ಸ್ಟಿಕ್ 5 ಗಿಗಾಹರ್ಟ್ಸ್ ವೈಫೈನಲ್ಲಿದೆ, ರೂಟರ್ ಅದೇ ಕೋಣೆಯಲ್ಲಿದೆ. ಟಿವಿಯ ಬೆನ್ನಿಗೆ ಅಂಟಿಕೊಂಡರೆ ಸಿಗ್ನಲ್ ಕಡಿಮೆಯಾಗುತ್ತದೆ ಅಂತ ಡಬ್ಬಿಯಲ್ಲಿ ಬಂದ ಚಿಕ್ಕ ಎಚ್‌ಡಿಎಂಐ ಕೇಬಲ್ ಹಾಕಿ ಸ್ಟಿಕ್ಕನ್ನು ಹೊರಕ್ಕೂ ತಂದಿದ್ದೇವೆ.

ಆಮೇಲೆ ಟಿವಿಯ ಮೇಲೆ ಹಾಕಿದರು. ಪೋರ್ಟ್ ಬದಲಿಸಿ ಅಂದರು. ಆ ಸಲಹೆ ತಪ್ಪು ಅನ್ನುವುದಿಲ್ಲ. ಕೆಲವು ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಪೋರ್ಟ್‌ಗಳಲ್ಲೂ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಇರುವುದಿಲ್ಲ, ಅದು ಇಲ್ಲದಿದ್ದರೆ ಸಿನಿಮಾ ಆ್ಯಪ್‌ಗಳು 4ಕೆ ಬಿಡುವುದಿಲ್ಲ. ಅದಕ್ಕೇ ತಮ್ಮನ ಮನೆಯಿಂದ ಬೇರೆ ಕಂಪನಿಯ ಸ್ಟಿಕ್ ತಂದು ಅದೇ ಪೋರ್ಟಿಗೆ ಹಾಕಿದೆವು. ಅದೇ ವೈಫೈ, ಅದೇ ಆ್ಯಪ್, ಅದೇ ಲಾಗಿನ್, ಅದೇ ಸಿನಿಮಾ. 4ಕೆ ಬಂತು. ಇನ್ನು ಉಳಿದಿದ್ದು ನಿಮ್ಮ ಸ್ಟಿಕ್ ಒಂದೇ ಅಲ್ವಾ?

ಕಾರಣ ಹುಡುಕಲು ಹೊರಟರೆ ಅದು ಸಿಗದಷ್ಟು ದೂರವೇನೂ ಇರಲಿಲ್ಲ. ನಿಮ್ಮ ಸ್ಟಿಕ್‌ನಂಥ ಆಂಡ್ರಾಯ್ಡ್ ಸಾಧನಗಳಲ್ಲಿ ಸಿನಿಮಾ ಕದಿಯದಂತೆ ಕಾಯುವುದಕ್ಕೆ ವೈಡ್‌ವೈನ್ ಎಂಬ ಗೂಗಲ್‌ನ ವ್ಯವಸ್ಥೆ ಇದೆ. ಅದರಲ್ಲಿ ಎಲ್1, ಎಲ್2, ಎಲ್3 ಅಂತ ಮೂರು ಹಂತ. ಎಲ್1 ಇದ್ದರೆ ಬೀಗ ತೆಗೆಯುವ ಕೆಲಸ, ಒತ್ತಿ ಕಳಿಸಿದ ವಿಡಿಯೋವನ್ನು ಬಿಡಿಸಿ ಚಿತ್ರವಾಗಿಸುವ ಕೆಲಸ ಎರಡೂ ಚಿಪ್‌ನ ಒಳಗಿನ ಸುರಕ್ಷಿತ ಭಾಗದಲ್ಲೇ ನಡೆಯುತ್ತವೆ. ಎಲ್3 ಇದ್ದರೆ ಬರೀ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ, ಕಾವಲು ಕಡಿಮೆ. ಹಾಗಾಗಿ ಹೆಚ್ಚಿನ ಸಿನಿಮಾ ಆ್ಯಪ್‌ಗಳು ಎಚ್‌ಡಿ ಮತ್ತು 4ಕೆಯನ್ನು ಎಲ್1 ಸಾಧನಗಳಿಗೆ ಮಾತ್ರ ಕೊಡುತ್ತವೆ. ಎಲ್3ಕ್ಕೆ ಸಾಮಾನ್ಯವಾಗಿ 480ಪಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಈ ಮಾಹಿತಿ ತೋರಿಸುವ ಉಚಿತ ಆ್ಯಪ್ ಒಂದನ್ನು ನಿಮ್ಮ ಸ್ಟಿಕ್‌ಗೆ ಹಾಕಿ ನೋಡಿದೆ. 'ಸೆಕ್ಯೂರಿಟಿ ಲೆವೆಲ್' ಎಂಬ ಸಾಲಿನ ಎದುರು ಎಲ್3 ಅಂತ ಇದೆ. ಅದರ ಫೋಟೋ ಲಗತ್ತಿಸಿದ್ದೇನೆ.

ಇದನ್ನು ಗ್ರಾಹಕರು ಮನೆಯಲ್ಲಿ ಕೂತು ಸರಿಮಾಡಲು ಬರುವುದಿಲ್ಲ. ಎಲ್1ಗೆ ಬೇಕಾದ ಕೀಲಿಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಒಳಗೆ ಹಾಕಬೇಕು. ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಅದರ ಮೇಲೆ ತಮ್ಮದೇ ಪರೀಕ್ಷೆಯನ್ನೂ ಇಟ್ಟಿವೆ. ಎರಡಕ್ಕೂ ಖರ್ಚಿದೆ, ಸಮಯ ಬೇಕು. ನೀವು ಆ ಖರ್ಚು ಉಳಿಸಿದ್ದೀರಿ. ಉಳಿಸಿದ್ದು ನಿಮ್ಮ ಇಷ್ಟ. ಆದರೆ ಉಳಿಸಿದ ವಿಷಯವನ್ನು ಡಬ್ಬಿಯ ಮೇಲೆ ಒಂದು ಸಾಲಿನಲ್ಲಿ ಬರೆಯಬೇಕಿತ್ತು. ಬರೆದಿದ್ದರೆ ನಾವು ಅದನ್ನು ಓದಿ, ಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದೆವು.

ಇದನ್ನು ಚಾಟ್‌ನಲ್ಲಿ ಕೇಳಿದಾಗ ಬಂದ ಉತ್ತರ: 'ಮೇಡಮ್, ನಮ್ಮ ಸಾಧನ 4ಕೆ ಸಪೋರ್ಟ್ ಮಾಡುತ್ತದೆ. ಯೂಟ್ಯೂಬ್‌ನಲ್ಲಿ 4ಕೆ ವಿಡಿಯೋ ಹಾಕಿ ನೋಡಿ.' ಹಾಕಿ ನೋಡಿದೆ, ಬರುತ್ತದೆ. ಯೂಟ್ಯೂಬ್‌ಗೆ ಜನ ಹಾಕುವ ಸಾಮಾನ್ಯ ವಿಡಿಯೋಗಳಿಗೆ ಎಲ್1 ಕಡ್ಡಾಯವಿಲ್ಲ, ಅದಕ್ಕೇ ಬರುತ್ತದೆ. ಆದರೆ ನಿಮ್ಮ ಡಬ್ಬಿಯ ಮೇಲೆ 4ಕೆ ಎಂಬ ಪದದ ಕೆಳಗೆ ಹಾಕಿರುವುದು ಸಿನಿಮಾ ಆ್ಯಪ್‌ಗಳ ಚಿತ್ರಗಳನ್ನು. ಎರಡನ್ನೂ ಒಟ್ಟಿಗೆ ನೋಡಿದ ಯಾರೇ ಆದರೂ ಆ ಆ್ಯಪ್‌ಗಳಲ್ಲಿ 4ಕೆ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಲಿ ಅಂತಲೇ ಅಲ್ವಾ ಅಲ್ಲಿ ಹಾಕಿದ್ದು?

ಇನ್ನೊಂದು ಮಾತು. ಟಿವಿಯ ರಿಮೋಟ್‌ನಲ್ಲಿ ಇನ್ಫೋ ಬಟನ್ ಒತ್ತಿದರೆ 3840×2160, ಅಂದರೆ 4ಕೆ ಅಳತೆ ಅಂತಲೇ ತೋರಿಸುತ್ತದೆ. ಯಾಕೆಂದರೆ ನಿಮ್ಮ ಸ್ಟಿಕ್ ಎಲ್ಲವನ್ನೂ ಆ ಅಳತೆಗೆ ಹಿಗ್ಗಿಸಿ ಟಿವಿಗೆ ಕಳಿಸುತ್ತದೆ. 480ಪಿ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ 4 ಲಕ್ಷದ ಆಸುಪಾಸಿನ ಚುಕ್ಕಿಗಳು. 4ಕೆ ಪರದೆಯಲ್ಲಿ ಇರುವುದು ಸುಮಾರು 83 ಲಕ್ಷ. ಅಂದರೆ ಒಂದು ಚುಕ್ಕಿಯ ಮಾಹಿತಿಯಿಂದ ಇಪ್ಪತ್ತು ಚುಕ್ಕಿಯ ಜಾಗ ತುಂಬಿಸುತ್ತಿದ್ದೀರಿ. ಎಷ್ಟೋ ಮನೆಗಳಲ್ಲಿ ಟಿವಿಯೇ 4ಕೆ ಅಂತ ತೋರಿಸುವಾಗ ತಮ್ಮ ಕಣ್ಣೇ ಸರಿಯಿಲ್ಲ ಅಂತ ಸುಮ್ಮನಾಗಿರುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಈಗ ಎರಡನೇ ತೊಂದರೆ, ರೀಸ್ಟಾರ್ಟ್. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ನಿಮ್ಮ ಲೋಗೊ ಬರುತ್ತಿತ್ತು. ಡಬ್ಬಿಯೊಳಗೆ ಅಡಾಪ್ಟರ್ ಇಲ್ಲ, ಬರೀ ಯುಎಸ್‌ಬಿ ಕೇಬಲ್ ಇದೆ. ನಿಮ್ಮ ಚಿಕ್ಕ ಕೈಪಿಡಿಯ ಎರಡನೇ ಚಿತ್ರದಲ್ಲಿ ಆ ಕೇಬಲನ್ನು ಟಿವಿಯ ಯುಎಸ್‌ಬಿ ಪೋರ್ಟಿಗೆ ಚುಚ್ಚುವುದನ್ನು ತೋರಿಸಿದ್ದೀರಿ. ನಾವು ಹಾಗೇ ಮಾಡಿದೆವು. ಆದರೆ ಸ್ಟಿಕ್‌ನ ಹಿಂದೆ, ಟಾರ್ಚ್ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, 5 ವೋಲ್ಟ್ 1 ಆಂಪಿಯರ್ ಬೇಕು ಅಂತ ಬರೆದಿದೆ. ನಮ್ಮ ಟಿವಿಯಲ್ಲಿರುವಂಥ ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 0.5 ಆಂಪಿಯರ್. ಬೇಕಿರುವುದು 5 ವ್ಯಾಟ್, ಸಿಗುವುದು ಎರಡೂವರೆ. ಮೆನುವಿನಲ್ಲಿ ಓಡಾಡುವಾಗ ಹೇಗೋ ನಡೆಯುತ್ತದೆ. ವೈಫೈಯೂ ವಿಡಿಯೋ ಬಿಡಿಸುವ ಭಾಗವೂ ಒಟ್ಟಿಗೆ ದುಡಿಯಲು ಶುರುಮಾಡಿದ ಕೂಡಲೇ ಕರೆಂಟ್ ಸಾಲದೆ ಬಿದ್ದುಹೋಗುತ್ತದೆ. ಮೊಬೈಲ್ ಚಾರ್ಜರ್‌ಗೆ ಹಾಕಿದ ಮೇಲೆ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ.

ಇಷ್ಟು ಸಣ್ಣ ವಿಷಯ ನಿಮ್ಮ ಸಹಾಯವಾಣಿಗೆ ಗೊತ್ತಿರಲಿಲ್ಲ. ಟಿವಿಯ ಪೋರ್ಟ್ ಬಿಟ್ಟು ಚಾರ್ಜರ್‌ಗೆ ಹಾಕಿ ಅಂತ ಒಬ್ಬರೂ ಹೇಳಲಿಲ್ಲ. ಪ್ರತಿ ಸಲವೂ ಫ್ಯಾಕ್ಟರಿ ರೀಸೆಟ್ ಮಾಡಿಸಿದರು. ರೀಸೆಟ್ ಆದ ಮೇಲೆ ವೈಫೈ ಪಾಸ್‌ವರ್ಡ್, ಇಮೇಲ್, ಒಂದೊಂದು ಆ್ಯಪ್‌ನ ಲಾಗಿನ್ ಎಲ್ಲವನ್ನೂ ರಿಮೋಟ್‌ನ ಬಾಣದ ಬಟನ್ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹುಡುಕಿ ಹಾಕಬೇಕು. ದೊಡ್ಡ ಅಕ್ಷರಕ್ಕೆ ಒಂದು ಸಲ ಮೇಲೆ, ಅಂಕಿಗೆ ಇನ್ನೊಂದು ಪುಟಕ್ಕೆ, ಮತ್ತೆ ವಾಪಸ್. ವಯಸ್ಸಾದವರು ಮಾತ್ರ ಇರುವ ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ? ಸುಮ್ನೆ ಒಂದು ಚಿತ್ರ ತಪ್ಪಾಗಿ ಅಚ್ಚು ಹಾಕಿದ್ದಕ್ಕೆ ಜನ ಇಷ್ಟು ಕಷ್ಟ ಪಡಬೇಕಾ?

ಮೆಮೊರಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 8 ಜಿಬಿ ಅಂತ ಹೇಳಿದ್ದರಲ್ಲಿ ಸಿಸ್ಟಮ್ ಮತ್ತು ನೀವೇ ತುಂಬಿ ಕಳಿಸಿದ ಆ್ಯಪ್‌ಗಳು ಅರ್ಧದಷ್ಟನ್ನು ತಿಂದಿವೆ. ಆ ಆ್ಯಪ್‌ಗಳನ್ನು ತೆಗೆಯಲೂ ಬಿಡುವುದಿಲ್ಲ. ಬಳಸಲು ಸಿಗುವ ಜಾಗ ಎಷ್ಟು ಅಂತ ಡಬ್ಬಿಯ ಮೇಲೆ ಹಾಕಿ, ಸಾಕು.

ಅಪ್‌ಡೇಟ್ ಬಗ್ಗೆ ಮಾತ್ರ ಹೇಳಲೇಬೇಕು. ಇತ್ತೀಚೆಗೆ ಒಂದು ಅಪ್‌ಡೇಟ್ ತಾನಾಗಿಯೇ ಬಂತು. ಅದು ಬಂದ ಮೇಲೆ ಟಿವಿ ಹಾಕಿದ ಕೂಡಲೇ ಮುಖಪುಟದ ಅರ್ಧ ಭಾಗದಲ್ಲಿ ಜಾಹೀರಾತು ವಿಡಿಯೋ ಶಬ್ದದ ಸಮೇತ ಓಡುತ್ತದೆ. ನಾವು ಕೊಂಡಾಗ ಇದು ಇರಲಿಲ್ಲ. ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಇಲ್ಲ. ದುಡ್ಡು ಕೊಟ್ಟು ಕೊಂಡ ವಸ್ತು, ನಮ್ಮ ಮನೆಯ ಟಿವಿ, ನಮ್ಮ ಇಂಟರ್ನೆಟ್. ಅದರ ಮೇಲೆ ಏನು ಓಡಬೇಕು ಅಂತ ಒಂದು ಮಾತು ನಮ್ಮನ್ನು ಕೇಳಬೇಕಿತ್ತು.

ಅದಕ್ಕಿಂತ ನನಗೆ ಭಯವಾಗಿದ್ದು ಇನ್ನೊಂದಕ್ಕೆ. ಅಪ್‌ಡೇಟ್ ಆದ ಮೇಲೆ 'ಸಾಧನದ ಬಗ್ಗೆ' ಪುಟ ತೆರೆದು ನೋಡಿದೆ. ಭದ್ರತಾ ಪ್ಯಾಚ್‌ನ (ಭದ್ರತೆಯ ದೋಷ ಮುಚ್ಚುವ ತಿದ್ದುಪಡಿಯ) ತಾರೀಕು ಬದಲಾಗಿಲ್ಲ, ಕೊಂಡಾಗ ಇದ್ದದ್ದೇ ಇದೆ. ಆಂಡ್ರಾಯ್ಡ್‌ಗೆ ತಿಂಗಳ ಲೆಕ್ಕದಲ್ಲಿ ಭದ್ರತಾ ತಿದ್ದುಪಡಿ ಪ್ರಕಟಿಸುವ ಪದ್ಧತಿ 2015ರಿಂದಲೂ ಇದೆ. ನೀವು ಜಾಹೀರಾತು ಸೇರಿಸಲು ಸಮಯ ಮಾಡಿಕೊಂಡಿರಿ, ಆ ತಿದ್ದುಪಡಿಯನ್ನು ಮಾತ್ರ ಸೇರಿಸಲಿಲ್ಲ. ಈ ಸ್ಟಿಕ್‌ನಲ್ಲಿ ನಮ್ಮ ವೈಫೈ ಪಾಸ್‌ವರ್ಡ್ ಇದೆ, ಇಮೇಲ್ ಖಾತೆ ಇದೆ, ಕಾರ್ಡ್ ಜೋಡಿಸಿದ ಆ್ಯಪ್‌ಗಳ ಲಾಗಿನ್ ಇದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಇಂಟರ್ನೆಟ್‌ಗೆ ಜೋಡಿಸುವ ಇಂಥ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಅಂತ ತಯಾರಕರು ಮೊದಲೇ ಪ್ರಕಟಿಸಬೇಕು. ಒಂದು ಕಡೆ ಆಗುವ ಕೆಲಸ ಎಲ್ಲ ಕಡೆ ಆಗಬಹುದು. ಕಾನೂನು ಬರಲಿ ಅಂತ ಕಾಯಬೇಕಾಗಿಯೂ ಇಲ್ಲ.

ಕಡಿಮೆ ಬೆಲೆಯ ಸ್ಟಿಕ್ ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಇಂಥವು ಇರಲೇಬೇಕು. ಎಚ್‌ಡಿಎಂಐ ಪೋರ್ಟ್ ಒಂದಿದ್ದರೆ ಸಾಕು, ಹಳೇ ಟಿವಿಯನ್ನು ಎಸೆಯದೆ ಇನ್ನೂ ಕೆಲವು ವರ್ಷ ಬಳಸಬಹುದು. ಹೊಸ ಸ್ಮಾರ್ಟ್ ಟಿವಿ ಕೊಳ್ಳಲಾಗದ ಮನೆಗಳಿಗೆ ಇದು ದೊಡ್ಡ ಅನುಕೂಲ. ನಿಮ್ಮ ಸ್ಟಿಕ್‌ನಲ್ಲೂ ಒಳ್ಳೆಯದಿದೆ. ರಿಮೋಟ್ ಬ್ಲೂಟೂತ್‌ನದ್ದು, ಟಿವಿ ಕಡೆಗೆ ಗುರಿ ಹಿಡಿಯಬೇಕಿಲ್ಲ. ಅದರ ಒಂದೇ ಬಟನ್‌ಗೆ ಟಿವಿಯೂ ಆನ್ ಆಗುತ್ತದೆ, ಅಮ್ಮನಿಗೆ ಎರಡು ರಿಮೋಟ್‌ನ ಗೊಂದಲ ತಪ್ಪಿತು. ಇಷ್ಟನ್ನು ಚೆನ್ನಾಗಿ ಮಾಡಿದವರಿಗೆ ಡಬ್ಬಿಯ ಮೇಲೆ ನಿಜ ಬರೆಯಲು ಏನು ಕಷ್ಟ? ಕಡಿಮೆ ಬೆಲೆಗೆ ಕೊಳ್ಳುವವರು ಪೈಸೆ ಪೈಸೆ ಲೆಕ್ಕ ಹಾಕಿ ಕೊಳ್ಳುತ್ತಾರೆ. ಅವರಿಗೇ ಮಾಹಿತಿ ಜಾಸ್ತಿ ಬೇಕು.

ನನ್ನ ಬೇಡಿಕೆ ಹೀಗಿದೆ. ಸ್ಟಿಕ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ, ಕಳಿಸುವ ಖರ್ಚೂ ನಿಮ್ಮದೇ ಆಗಲಿ. ಎಲ್1 ಇರುವ ಮಾದರಿ ನಿಮ್ಮಲ್ಲಿದ್ದರೆ ಬದಲಿ ಕೊಟ್ಟರೂ ಒಪ್ಪುತ್ತೇನೆ. ಆದರೆ ನಾನು ಕೇಳಿದ ಆ್ಯಪ್‌ನಲ್ಲಿ ಎಚ್‌ಡಿಗಿಂತ ಕಡಿಮೆ ಬರುವುದಿಲ್ಲ ಅಂತ ಕಳಿಸುವ ಮೊದಲೇ ಬರಹದಲ್ಲಿ ತಿಳಿಸಬೇಕು. ಇದು ನನ್ನೊಬ್ಬಳ ವಿಷಯ. ಉಳಿದ ಗ್ರಾಹಕರಿಗಾಗಿ ವೈಡ್‌ವೈನ್ ಹಂತ ಮತ್ತು ಯಾವ ಆ್ಯಪ್‌ನಲ್ಲಿ ಎಷ್ಟರವರೆಗೆ ಚಿತ್ರ ಬರುತ್ತದೆ ಎಂಬುದನ್ನು ಡಬ್ಬಿಯ ಮೇಲೂ ಮಾರಾಟದ ಪುಟದಲ್ಲೂ ಹಾಕಿ. ಕೈಪಿಡಿಯ ಆ ಚಿತ್ರ ತೆಗೆದು 1 ಆಂಪಿಯರ್ ಅಡಾಪ್ಟರ್ ಬೇಕು ಅಂತ ಬರೆಯಿರಿ, ಸಾಧ್ಯವಾದರೆ ಅಡಾಪ್ಟರ್ ಅನ್ನೇ ಡಬ್ಬಿಯಲ್ಲಿ ಇಡಿ. ಜಾಹೀರಾತು ನಿಲ್ಲಿಸುವ ಆಯ್ಕೆ ಕೊಡಿ. ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ಹೇಳಿ. ನಿಮ್ಮ ಸಹಾಯವಾಣಿಯ ಹುಡುಗ ಹುಡುಗಿಯರಿಗೆ ಈ ವಿಷಯಗಳನ್ನು ಸರಿಯಾಗಿ ಕಲಿಸಿ. ಅವರು ಮರ್ಯಾದೆಯಿಂದಲೇ ಮಾತಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಎದುರಿಗೆ ಇದ್ದ ಹಾಳೆಯಲ್ಲಿ ರೀಸೆಟ್ ಬಿಟ್ಟು ಬೇರೇನೂ ಬರೆದಿರಲಿಲ್ಲ ಅನ್ನಿಸುತ್ತದೆ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ ಇದೇ ಪತ್ರ, ಇದೇ ಫೋಟೋಗಳು ಮತ್ತು ಚಾಟ್‌ನ ಪ್ರತಿಯನ್ನು ಇಟ್ಟು ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ ಪ್ರತಿ, ಡಬ್ಬಿಯ ಮುಂಭಾಗದ ಫೋಟೋ, ವೈಡ್‌ವೈನ್ ಎಲ್3 ತೋರಿಸುವ ಪರದೆಯ ಫೋಟೋ, ಎರಡೂ ಸ್ಟಿಕ್‌ಗಳಲ್ಲಿ ಒಂದೇ ದೃಶ್ಯದ ಫೋಟೋ, ಕೈಪಿಡಿಯ ಎರಡನೇ ಚಿತ್ರ, ಚಾಟ್‌ನ ಪ್ರತಿ.