ಟನಲ್ ತೆರೆದವರು ಬಾಗಿಲನ್ನೂ ಕಾಯಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ತೋರಿಸಲು, ಸಣ್ಣ ಸಾಫ್ಟ್‌ವೇರ್ ಕಚೇರಿಯವರು ಗ್ರಾಹಕರಿಗೆ ಡೆಮೊ ಕೊಡಲು ಎನ್‌ಗ್ರಾಕ್, ಕ್ಲೌಡ್‌ಫ್ಲೇರ್ ಟನಲ್ ಬಳಸುತ್ತಾರೆ. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುವ ಸರ್ವರನ್ನು ಒಂದು ಲಿಂಕ್ ಮೂಲಕ ಇಂಟರ್ನೆಟ್‌ನಲ್ಲಿ ಯಾರಾದರೂ ನೋಡುವಂತೆ ಮಾಡುವ ಸೇವೆಗಳಿವು. ಅದು ತಪ್ಪಲ್ಲ. ಒಂದೇ ಐಪಿ ವಿಳಾಸವನ್ನು ಹಲವರಿಗೆ ಹಂಚಿರುವ ಸಂಪರ್ಕಗಳಲ್ಲಿ ರೌಟರ್‌ನ ಪೋರ್ಟ್ (ಹೊರಗಿನವರು ಒಳಬರುವ ಸಂಖ್ಯೆಯ ದ್ವಾರ) ತೆರೆದರೂ ಪ್ರಯೋಜನವಿಲ್ಲ. ಟನಲ್ ನಿಮ್ಮ ಯಂತ್ರದ ಒಳಗಿನಿಂದಲೇ ಹೊರಕ್ಕೆ ಸಂಪರ್ಕ ಹಿಡಿಯುವುದರಿಂದ ಆ ತೊಡಕು ಅದಕ್ಕಿಲ್ಲ.

ಆದರೆ ಲಿಂಕ್‌ನಲ್ಲಿರುವ ಎಚ್‌ಟಿಟಿಪಿಎಸ್ (ಹೋಗಿಬರುವ ಮಾಹಿತಿಯನ್ನು ಗುಪ್ತವಾಗಿಡುವ ವ್ಯವಸ್ಥೆ) ಕಾಯುವುದು ದಾರಿಯನ್ನು, ಬಾಗಿಲನ್ನಲ್ಲ. ಲಿಂಕ್ ಸಿಕ್ಕ ಯಾರೇ ಆದರೂ ನೇರ ನಿಮ್ಮ ಲ್ಯಾಪ್‌ಟಾಪ್‌ಗೆ ಬರುತ್ತಾರೆ. ವೆಬ್‌ಸೈಟ್ ಕಟ್ಟುವ ಸಾಧನವಾದ ಜಾಂಗೊದಲ್ಲಿ ಡೀಬಗ್ (ದೋಷ ಹುಡುಕುವ ವಿಧಾನ) ಚಾಲೂ ಇದ್ದರೆ ಒಂದು ದೋಷಪುಟವೇ ಒಳಗಿನ ಫೈಲುಗಳ ದಾರಿ, ಸೆಟ್ಟಿಂಗ್ ತೋರಿಸಿಬಿಡುತ್ತದೆ. ಅಂಥದ್ದೇ ಇನ್ನೊಂದು ಸಾಧನವಾದ ಫ್ಲಾಸ್ಕ್‌ನ ಡೀಬಗರ್‌ನ ಪಿನ್ ಸಿಕ್ಕವರು ನಿಮ್ಮ ಯಂತ್ರದಲ್ಲಿ ಕೋಡನ್ನೇ ಓಡಿಸಬಹುದು. ಇನ್ನೊಂದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ಟನಲ್ ಮೂಲಕ ಬಂದ ಪ್ರತಿ ವಿನಂತಿಯೂ ಸರ್ವರ್‌ಗೆ 127.0.0.1ರಿಂದ, ಅಂದರೆ ಲೋಕಲ್‌ಹೋಸ್ಟ್ ಎನ್ನುವ ಅದೇ ಯಂತ್ರದಿಂದ ಬಂದಂತೆ ಕಾಣುತ್ತದೆ. 'ಲೋಕಲ್‌ಹೋಸ್ಟ್‌ನಿಂದ ಬಂದರೆ ಅಡ್ಮಿನ್' ಎಂದು ಬರೆದಿದ್ದರೆ ಊರೆಲ್ಲ ಅಡ್ಮಿನ್.

ಹಾಗಾಗಿ ಮೊದಲು ಡೀಬಗ್ ಬಂದ್ ಮಾಡಿ. ಸರ್ವರನ್ನು 0.0.0.0 (ಯಂತ್ರದ ಎಲ್ಲ ವಿಳಾಸಗಳು) ಬದಲು 127.0.0.1ಕ್ಕೆ ಕಟ್ಟಿ, ಇಲ್ಲದಿದ್ದರೆ ಹಾಸ್ಟೆಲ್ ವೈಫೈಯಲ್ಲಿರುವವರಿಗೂ ಅದು ತೆರೆದಿರುತ್ತದೆ. ಬೇಕಾದ ಒಂದೇ ಪೋರ್ಟನ್ನು ಟನಲ್‌ನಲ್ಲಿ ತೆರೆಯಿರಿ. 3306 (ಮೈಎಸ್‌ಕ್ಯೂಎಲ್), 5432 (ಪೋಸ್ಟ್‌ಗ್ರೆಸ್) ಪೋರ್ಟ್‌ಗಳ ಡೇಟಾಬೇಸ್ ತೆರೆಯುವುದು ಬೇಡವೇ ಬೇಡ. ವೆಬ್‌ಪುಟ ರೂಪಿಸುವಾಗ ಬಳಸುವ ವೀಟ್ ಸರ್ವರ್ 'ಈ ಹೋಸ್ಟ್‌ಗೆ ಅನುಮತಿಯಿಲ್ಲ' ಎಂದರೆ ಎಲ್ಲ ಹೋಸ್ಟ್‌ಗೂ ಅನುಮತಿ ಕೊಡದೆ ಟನಲ್‌ನ ಹೆಸರೊಂದನ್ನೇ ಸೇರಿಸಿ. ಎನ್‌ಗ್ರಾಕ್‌ನಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಬಹುದು; ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ಸ್ವಂತ ಡೊಮೈನ್ ಇದ್ದವರು ಕ್ಲೌಡ್‌ಫ್ಲೇರ್ ಆಕ್ಸೆಸ್‌ನಲ್ಲಿ ಆಯ್ದ ಇಮೇಲ್‌ಗಳಿಗೆ ಮಾತ್ರ ಒಟಿಪಿ ಹೋಗುವಂತೆ ಮಾಡಬಹುದು.

ಪಾವತಿ ಕಂಪನಿಯ ವೆಬ್‌ಹುಕ್‌ಗೆ (ಪಾವತಿಯಾದಾಗ ಅವರ ಸರ್ವರ್ ನಿಮ್ಮ ಸರ್ವರ್‌ಗೆ ತಾನೇ ಕಳಿಸುವ ಸಂದೇಶ) ಸಾಮಾನ್ಯವಾಗಿ ಹೀಗೆ ಪಾಸ್‌ವರ್ಡ್ ಹಾಕಲು ಬರುವುದಿಲ್ಲ. ಆ ಒಂದು ದಾರಿಯನ್ನಷ್ಟೇ ತೆರೆದಿಟ್ಟು, ಸಂದೇಶ ಕಂಪನಿಯಿಂದಲೇ ಬಂದಿದೆ ಎಂದು ತೋರಿಸುವ ಡಿಜಿಟಲ್ ಸಹಿ ಪರಿಶೀಲಿಸಬೇಕು. ಬಂದ ಮೂಲ ಪಠ್ಯದ ಮೇಲೆಯೇ ಸಹಿಯ ಲೆಕ್ಕ ಹಾಕಿ. ಜೇಸನ್ (ಸಂದೇಶ ಬರುವ ದತ್ತಾಂಶ ರೂಪ) ಬಿಡಿಸಿ ಮತ್ತೆ ಕಟ್ಟಿದರೆ ಒಂದು ಖಾಲಿ ಜಾಗ ಬದಲಾದರೂ ಸಹಿ ಹೊಂದುವುದಿಲ್ಲ. ಆಗ ಬೇಸತ್ತು ಪರಿಶೀಲನೆಯನ್ನೇ ತೆಗೆದುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಡೆಮೊ ಮುಗಿದೊಡನೆ ಕಂಟ್ರೋಲ್-ಸಿ ಒತ್ತಿ. ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡಿದ್ದರೆ ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿದಾಗ ಟನಲ್ ತಾನೇ ತೆರೆದುಕೊಳ್ಳುತ್ತದೆ, ಅದನ್ನೂ ನಿಲ್ಲಿಸಬೇಕು. ಪಾಸ್‌ವರ್ಡ್, ಗುಪ್ತ ಕೀಗಳನ್ನು ಇಡುವ ಡಾಟ್ ಎನ್ವಿ (.env) ಫೈಲ್ ಬಯಲಾಗಿದ್ದರೆ ಟನಲ್ ಮುಚ್ಚಿದರಷ್ಟೇ ಸಾಲದು, ಅದರಲ್ಲಿದ್ದ ಪ್ರತಿ ಕೀ ಬದಲಿಸಬೇಕು.

ಅವಳಿನಗರದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ನೋಡುವ ಶಿಕ್ಷಕರಲ್ಲಿ ಒಂದು ವಿನಂತಿ: ವಿದ್ಯಾರ್ಥಿ ಕೊಟ್ಟ ಲಿಂಕನ್ನು ಮೊದಲು ಪಾಸ್‌ವರ್ಡ್ ಇಲ್ಲದೆ ತೆರೆದು ನೋಡಿ. ತೆರೆದುಕೊಂಡರೆ ಅಂಕ ಕೊಡುವ ಮುನ್ನ ಅದನ್ನು ಸರಿಪಡಿಸಲು ಹೇಳಿ.

— ಓದುಗರು, ವಿದ್ಯಾನಗರ, ಹುಬ್ಬಳ್ಳಿ