ಪೆರುವಿನ ವರ್ಷಗಳನ್ನು ಮರೆಯದಿರಿ

ಮಾನ್ಯರೇ,

ಪೋಪ್ 14ನೇ ಲಿಯೊ ಅವರನ್ನು ‘ಅಮೆರಿಕದ ಮೊದಲ ಪೋಪ್’ ಎಂದಷ್ಟೇ ಪರಿಚಯಿಸಿದ ವರದಿ ಅವರ ಬದುಕಿನ ತಿರುಳನ್ನೇ ಬಿಟ್ಟಿದೆ. ಷಿಕಾಗೊದಲ್ಲಿ ಹುಟ್ಟಿ, ಗಣಿತದಲ್ಲಿ ಪದವಿ ಪಡೆದ ಅವರು 1985ರಲ್ಲೇ ಸೇವೆಗೆಂದು ಪೆರುವಿಗೆ ಹೋದವರು. ಅಗಸ್ಟೀನಿಯನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯನ್ನು ಹನ್ನೆರಡು ವರ್ಷ ಮುನ್ನಡೆಸಿದ ಬಳಿಕವೂ ಅಲ್ಲಿಗೇ ಮರಳಿ ಚಿಕ್ಲಾಯೊ ಧರ್ಮಪ್ರಾಂತ್ಯದ ಬಿಷಪ್ ಆದರು. 2015ರಲ್ಲಿ ಆ ದೇಶದ ಪೌರತ್ವವನ್ನೂ ಪಡೆದರು. ನೆರೆ ಬಂದಾಗ ರಬ್ಬರ್ ಬೂಟು ತೊಟ್ಟು ಕೆಸರು ನೀರಿನಲ್ಲಿ ನಿಂತ ಅವರ ಚಿತ್ರ ನನ್ನ ಕಣ್ಣಿನಿಂದ ಇನ್ನೂ ಮಾಸಿಲ್ಲ. ಆಯ್ಕೆಯಾದ ದಿನ, 2025ರ ಮೇ 8ರಂದು, ವ್ಯಾಟಿಕನ್ನಿನ ಬಾಲ್ಕನಿಯಿಂದ ಇಂಗ್ಲಿಷಿನಲ್ಲಿ ಒಂದು ಮಾತನ್ನೂ ಆಡದ ಅವರು, ಚಿಕ್ಲಾಯೊದ ಜನರನ್ನು ಮಾತ್ರ ಸ್ಪ್ಯಾನಿಷ್‌ನಲ್ಲಿ ನೆನೆದರು. ಪೆರುವಿನ ಆ ವರ್ಷಗಳ ಕುರಿತು ಭಾನುವಾರದ ಪುರವಣಿಯಲ್ಲಿ ವಿವರವಾದ ಲೇಖನವೊಂದನ್ನು ಪ್ರಕಟಿಸಬೇಕೆಂದು ವಿನಂತಿ.

– ಒಬ್ಬ ಓದುಗ, ಮಂಗಳೂರು