ಜೂಬಾಕ್ಕೆ ಹೊರಟಿರುವ ಅಳಿಯನಿಗೆ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನೀನು ವಿಶ್ವಸಂಸ್ಥೆಯ ಶಾಂತಿಪಡೆಯೊಡನೆ ದಕ್ಷಿಣ ಸುಡಾನಿನ ರಾಜಧಾನಿ ಜೂಬಾಕ್ಕೆ ಹೋಗುವ ಸುದ್ದಿಯನ್ನು ಅಕ್ಕ ಆಗಲೇ ಹೇಳಿದ್ದಳು. ಆದರೆ ನಿನ್ನ ಕಾಗದದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ: "ಕಾಪಾಡಲು ಹೋದ ನಮ್ಮನ್ನೇ ಅಲ್ಲಿಯ ಜನ ಬೇಡವೆಂದರೆ ನನಗೆ ಗೊತ್ತಾಗುವುದು ಹೇಗೆ ಮಾವ?"

ಗೊತ್ತಾಗುತ್ತದೆ. ದೆಹಲಿಗಿಂತ ಮೊದಲು ನಿನಗೇ ಗೊತ್ತಾಗುತ್ತದೆ. ಕಷ್ಟವಿರುವುದು ಅಲ್ಲೇ.

1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನವೇ ಗೌರವ ರಕ್ಷೆಯಲ್ಲಿ ನಿಂತಿದ್ದ ನಾವಿಕನೊಬ್ಬ ರಾಜೀವ್ ಗಾಂಧಿಯವರ ಮೇಲೆ ಬಂದೂಕಿನ ಹಿಡಿ ಬೀಸಿದ. ಶಾಂತಿ ಕಾಯಲೆಂದು ಅಲ್ಲಿಗೆ ಹೋದ ಭಾರತದ ಸೈನಿಕರು ನಾವು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಉತ್ತರದ ತಮಿಳರ ಪಟ್ಟಣ ಜಾಫ್ನಾದ ಜನ ನಮಗೆ ಹಾರ ಹಾಕುತ್ತಿದ್ದರಲ್ಲ! ತಮಿಳರ ಪ್ರತ್ಯೇಕ ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯ ಶಸ್ತ್ರ ಒಪ್ಪಿಸಿಕೊಂಡು, ಅವರ ಮತ್ತು ಶ್ರೀಲಂಕಾ ಸೈನ್ಯದ ನಡುವೆ ನಿಲ್ಲುವುದಷ್ಟೇ ನಿಮ್ಮ ಕೆಲಸ ಎಂದಿದ್ದರು. ಅಕ್ಟೋಬರಿನಲ್ಲಿ ಅದೇ ಎಲ್‌ಟಿಟಿಇಯೊಡನೆ ಯುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಬಳಿ ರಾತ್ರಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫ್ಯಾಂಟ್ರಿಯ ತುಕಡಿಯಲ್ಲಿ ಉಳಿದವನು ಒಬ್ಬನೇ.

ಪಟ್ಟಣವನ್ನು ಆ ತಿಂಗಳು ಕಳೆಯುವುದರೊಳಗೆ ಹಿಡಿದೆವು, ನಿಜ. ಎಲ್‌ಟಿಟಿಇಯವರು ಜಾಫ್ನಾದ ದಕ್ಷಿಣಕ್ಕಿರುವ ವನ್ನಿಯ ಕಾಡಿಗೆ ಸರಿದರು. ಅವರು ನಮ್ಮನ್ನು ಸೋಲಿಸಬೇಕಾಗಿರಲಿಲ್ಲ, ನಾವು ಹೊರಡುವವರೆಗೆ ಉಳಿದಿದ್ದರೆ ಸಾಕಿತ್ತು. ವಿಯೆಟ್ನಾಂನಲ್ಲಿ ಅಮೆರಿಕಕ್ಕೆ, ಅಫ್ಘಾನಿಸ್ತಾನದಲ್ಲಿ ಮೊದಲು ಸೋವಿಯತ್ ಒಕ್ಕೂಟಕ್ಕೆ, ಆಮೇಲೆ 2021ರಲ್ಲಿ ಮತ್ತೆ ಅಮೆರಿಕಕ್ಕೆ ಆದದ್ದೂ ಇದೇ. ಹೊರಗಿನಿಂದ ಬಂದವನಿಗೆ ಹಿಂದಿರುಗಲು ಊರಿದೆ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು.

ನಿನ್ನ ಪ್ರಶ್ನೆ ಬಿಟ್ಟು ಎಲ್ಲಿಗೋ ಹೋದೆ. ಹಲಸೂರಿನಲ್ಲಿ ಕಲಿತ ತಮಿಳು ಅಲ್ಲಿ ನನ್ನ ಕೈಹಿಡಿಯಿತು. ಠಾಣ್ಯದ ಪಕ್ಕದಲ್ಲೊಬ್ಬ ಹಿರಿಯರ ಚಹಾದಂಗಡಿ. ಮೊದಮೊದಲು ದುಡ್ಡು ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. ಊರಿನೊಳಗೆ ಶೆಲ್ ಬೀಳತೊಡಗಿದ ಮೇಲೆ ಎಣಿಸಿ ತೆಗೆದುಕೊಂಡರು. ಆಮೇಲೆ ನನ್ನನ್ನು ಕಂಡರೆ ಗಿರಾಕಿಗಳೊಡನೆ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದರು. ಎಷ್ಟು ಬಂದೂಕು ಸಿಕ್ಕಿತೆಂದು ಬರೆಯಲು ದಿನದ ವರದಿಯಲ್ಲಿ ಜಾಗವಿತ್ತು, ಇದಕ್ಕೆ ಇರಲಿಲ್ಲ. ಅವರು ಏನಾದರೋ ಎಂದು ವಿಚಾರಿಸಲು ಆಗಲೇ ಇಲ್ಲ. ಅದು ಇಂದಿಗೂ ಕೊರೆಯುತ್ತದೆ.

1989ರಲ್ಲಿ ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದರು. ನಮ್ಮ ವಿರುದ್ಧ ಎಲ್‌ಟಿಟಿಇಗೇ ಶಸ್ತ್ರ ಕೊಟ್ಟರು. ಸುಮಾರು 1,200 ಮಂದಿಯನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮದ್ರಾಸಿಗೆ ಮರಳಿದರೆ, ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿಯವರೇ ಬರಲಿಲ್ಲ. ಎರಡೂ ದಡದಲ್ಲಿ ಬೇಡವಾಗಿದ್ದೆವು. ಹೊರಡುವ ಹುಡುಗನಿಗೆ ಇದನ್ನೆಲ್ಲ ಹೇಳಬಾರದೇನೋ.

ನೀನು ಹೋಗುತ್ತಿರುವುದು ವಿಶ್ವಸಂಸ್ಥೆಯ ನೀಲಿ ಟೋಪಿಯಲ್ಲಿ, ಯುದ್ಧಕ್ಕಲ್ಲ. ನಮಗೂ ಯುದ್ಧಕ್ಕಲ್ಲ ಎಂದೇ ಹೇಳಿದ್ದರು. ನೀನು ಅಧಿಕಾರಿ, ನಾನು ಹವಾಲ್ದಾರನಾಗಿ ನಿವೃತ್ತನಾದವನು; ಬುದ್ಧಿ ಹೇಳಲು ಸಂಕೋಚವೇ. ಆದರೂ, ಅಲ್ಲಿಯವರ ಅರಬ್ಬಿ ನಾಲ್ಕು ಮಾತು ಕಲಿತುಕೊ. ಸಂತೆಯಲ್ಲಿ ಜನ ಮೊದಲಿನ ಹಾಗಿಲ್ಲ ಎಂದು ನಿನ್ನ ಹವಾಲ್ದಾರ ಬಂದು ಹೇಳಿದರೆ ನಕ್ಕು ಕಳುಹಿಸಬೇಡ. ಅದನ್ನು ಮೇಲಿನವರಿಗೆ ಬರೆ, ಅವರು ಕೇಳದಿದ್ದರೂ ಬರೆ.

ಈ ಕಾಗದವನ್ನು ಅಮ್ಮನಿಗೆ ತೋರಿಸಬೇಡ. ಅವಳಿಗೆ ಮಲೇರಿಯಾದ ಚಿಂತೆಯೊಂದೇ ಸಾಕು. ಮಾತ್ರೆ ಮಾತ್ರ ತಪ್ಪಿಸಬೇಡ.

ಇಂತಿ,
ನಿನ್ನ ಮಾವ